ಬಾಟಲಿ ತೊಳೆದವಳು

"ಇದರಲ್ಲಿ ಮನೆಯವರ ಕೈಯೇನಾದರೂ ಇದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿ ಗ್ರೇಮ್ ಮೈಕನ್ನು ಮತ್ತೆ ಶ್ರೀಕರನ ಬಾಯಿಯ ಹತ್ತಿರ ಹಿಡಿದ.

ಪೊರಿರುವಾದ ಬೋಲಿಂಗ್ ಕ್ಲಬ್ಬಿನ ಹಾಲಿನಲ್ಲಿ ಅಂದು ಮನೆಯಲ್ಲೇ ಬಿಯರ್ ಮಾಡುವವರ ಸ್ಪರ್ಧೆ. ಗ್ರೇಮ್ ಅದರ ಕಾರ್ಯದರ್ಶಿ. ಹೊಸಬರ ವಿಭಾಗದಲ್ಲಿ ಶ್ರೀಕರನಿಗೆ ಮೊದಲ ಬಹುಮಾನ ಬಂದಿತ್ತು. ಅವನ ಹೆಸರು ಬರೆದ ಮರದ ಫಲಕ ಆಗಲೇ ಅವನ ಕಂಕುಳಿಗೆ ಸೇರಿತ್ತು. ಮೂರನೇ ಸಾಲಿನಲ್ಲಿ ಅವನ ಹೆಂಡತಿ ಯಾಮಿನಿ ಇಸ್ತ್ರಿ ಮಾಡಿದ ನೀಲಿ ಕುರ್ತಾ ಹಾಕಿಕೊಂಡು ಕೂತಿದ್ದಳು. ಪ್ರಶ್ನೆ ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗೆ ಮಾಡಿಕೊಂಡು, ತೊಡೆಯ ಮೇಲಿದ್ದ ಬ್ಯಾಗನ್ನು ಪಕ್ಕದ ಕುರ್ಚಿಗೆ ಸರಿಸಿದಳು. ಎದ್ದು ನಿಲ್ಲಬೇಕಾಗಿ ಬಂದರೆ ಅಡ್ಡಿಯಾಗಬಾರದಲ್ಲ.

"ಅವಳು ಬಾಟಲಿ ತೊಳೆದುಕೊಟ್ಟಳು, ಅಷ್ಟೇ," ಎಂದ ಶ್ರೀಕರ್.

ಇಡೀ ಸಭೆಯೇ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನವರು ತಿರುಗಿ ಯಾಮಿನಿಯನ್ನು ನೋಡಿದರು. ಅವಳೂ ನಕ್ಕಳು, ಅಷ್ಟು ಜನ ನೋಡುತ್ತಿರುವಾಗ ಇನ್ನೇನು ಮಾಡಿಯಾಳು? ನಕ್ಕು ಮುಗಿದ ಮೇಲೆ ಬ್ಯಾಗನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು. ಅದನ್ನು ಕಂಡ ಶ್ರೀಕರ್ ಕಣ್ಣನ್ನು ಬೇರೆ ಕಡೆ ತಿರುಗಿಸಿದ. ಆದರೂ ಫಲಕವನ್ನು ಎತ್ತಿ ಹಿಡಿದು ಫೋಟೋಗೆ ನಿಂತ. ಫೋಟೋವನ್ನು ಅಲ್ಲಿಂದಲೇ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೂ ಹಾಕಿದ. ನಾಚಿಕೆಯೂ ಮೆರೆಯುವ ಆಸೆಯೂ ಒಂದೇ ಮೈಯಲ್ಲಿ ಹೇಗೆ ಹೊಂದಿಕೊಂಡು ಇರುತ್ತವೋ!

ಅವನು ಹೇಳಿದ್ದು ಸುಳ್ಳೇನಲ್ಲ. ಬಾಟಲಿ ತೊಳೆದವಳು ಅವಳೇ. ಬಾಟಲಿಯೊಳಗೆ ಇದ್ದದ್ದನ್ನು ಮಾಡಿದವಳೂ ಅವಳೇ ಎನ್ನುವುದನ್ನಷ್ಟೇ ಅವನು ಬಿಟ್ಟಿದ್ದ.

ವರ್ಷದ ಹಿಂದೆ, ನಲವತ್ತು ತುಂಬಿದ ದಿನ, ಆಫೀಸಿನವರು ಶ್ರೀಕರನಿಗೆ ಬಿಯರ್ ಕಿಟ್ ಒಂದನ್ನು ಉಡುಗೊರೆ ಕೊಟ್ಟಿದ್ದರು. ಒಂದು ಪ್ಲಾಸ್ಟಿಕ್ ಡ್ರಮ್ಮು, ಕಾಕಂಬಿಯಷ್ಟು ಮಂದವಾದ ಮಾಲ್ಟ್ ಪಾಕದ ಡಬ್ಬ, ಡಬ್ಬದ ಮುಚ್ಚಳದಡಿ ಯೀಸ್ಟಿನ ಪುಟ್ಟ ಪೊಟ್ಟಣ, ಒಂದು ಹಾಳೆ ಸೂಚನೆ. ಸೂಚನೆಯಂತೆ ಅವನು ಪಾಕಕ್ಕೆ ಒಂದು ಕಿಲೋ ಬಿಳಿ ಸಕ್ಕರೆ ಸುರಿದ. ಭೂಮಿಯ ದಕ್ಷಿಣ ತುದಿಯ ಈ ದೇಶದಲ್ಲಿ ಜುಲೈ ಎಂದರೆ ಚಳಿಗಾಲ. ಡ್ರಮ್ಮನ್ನು ಒಯ್ದು ಬಿಸಿನೀರಿನ ಟ್ಯಾಂಕಿರುವ ಕಪಾಟಿನಲ್ಲಿಟ್ಟ. ಚಳಿಗಾಲದಲ್ಲಿ ನಮ್ಮವರ ದೋಸೆ ಹಿಟ್ಟು ಹುಳಿಯಾಗುವುದು ಅಲ್ಲೇ ಅಲ್ಲವೇ? ಹದಿನೈದು ದಿನಕ್ಕೆ ಮುಚ್ಚಳ ತೆಗೆದರೆ ಉಗುರುಬಣ್ಣ ಅಳಿಸುವ ದ್ರವದ ವಾಸನೆ ಮನೆ ತುಂಬಾ ಹರಡಿತು. ರುಚಿ ನೋಡಲು ಬಂದ ಗೆಳೆಯ ತಿಪ್ಪೇಸ್ವಾಮಿ ಚಿತ್ರದುರ್ಗದವನು, ಮುಲಾಜಿನ ಆಸಾಮಿಯಲ್ಲ. "ಏನಪ್ಪಾ ಇದು, ಗೇಟಿಗೆ ಹಚ್ಚೋ ಪೇಂಟ್ ಇದ್ದಂಗೈತೆ!" ಎಂದು ಲೋಟ ಕೆಳಗಿಟ್ಟಿದ್ದ.

ಅವನು ಹೋದ ಮೇಲೆ ಯಾಮಿನಿ ಆ ಲೋಟ ಮೂಸಿದಳು, ಒಂದು ತೊಟ್ಟು ನಾಲಿಗೆಗೆ ಬಿಟ್ಟುಕೊಂಡಳು. "ರೀ, ಇದು ದೋಸೆ ಹಿಟ್ಟಲ್ಲ. ಯೀಸ್ಟಿಗೆ ಸೆಕೆ ಜಾಸ್ತಿ ಆಗಿದೆ, ಅದಕ್ಕೇ ಹೀಗೆ ವಾಸನೆ," ಎಂದಳು. ಮೈಸೂರಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ನಾಲ್ಕು ವರ್ಷ ಹಾಲಿನ ಪರೀಕ್ಷಾಲಯದಲ್ಲಿ ಕೆಲಸ ಮಾಡಿದವಳು ಅವಳು. ಇಲ್ಲಿಗೆ ಬಂದ ಮೇಲೆ ಆ ಪದವಿಯ ಕಾಗದಗಳನ್ನು ಯಾರೂ ಬಿಡಿಸಿಯೂ ನೋಡಲಿಲ್ಲ. ಈಗ ಜಾನ್ಸನ್‌ವಿಲ್‌ನ ಶಿಶುವಿಹಾರದಲ್ಲಿ ಮಕ್ಕಳ ಮೂಗು ಒರೆಸುತ್ತಿದ್ದಳು.

ಎರಡನೇ ಡಬ್ಬವನ್ನು ಅವಳೇ ತಂದಳು. ಡ್ರಮ್ಮನ್ನು ಬಟ್ಟೆ ಒಗೆಯುವ ಕೋಣೆಯ ತೊಟ್ಟಿಯಲ್ಲಿ ತಣ್ಣೀರೊಳಗೆ ನಿಲ್ಲಿಸಿ ಒದ್ದೆ ಟವೆಲ್ ಸುತ್ತಿದಳು. ಸಕ್ಕರೆಯನ್ನು ಪೂರಾ ಬಿಟ್ಟು ಮಾಲ್ಟ್ ಪುಡಿಯನ್ನೂ ತೂಕ ಮಾಡಿದ ಕಪ್ಪು ಬೆಲ್ಲವನ್ನೂ ಹಾಕಿದಳು. ಡಬ್ಬದ ಜೊತೆ ಬಂದ ಯೀಸ್ಟನ್ನು ಎಸೆದು ಬೇರೆಯದು ತರಿಸಿದಳು. ಜಜ್ಜಿದ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಬಿಯರಿಗೆ ಘಮ ಕೊಡುವ ಹಾಪ್ಸ್ ಹೂವು, ಇವನ್ನೆಲ್ಲ ಹೆಸರುಕಾಳು ಮೊಳಕೆ ಕಟ್ಟುವ ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ ಬಿಸಿನೀರಿನಲ್ಲಿ ನೆನೆಸಿ, ಆ ಕಷಾಯವನ್ನು ಬೆರೆಸಿದಳು. ಬೆಳಗ್ಗೆ ಸಂಜೆ ಉಷ್ಣಾಂಶ ನೋಡಿ ಗೆರೆ ಎಳೆದ ನೋಟುಬುಕ್ಕಿನಲ್ಲಿ ಬರೆದಿಟ್ಟಳು. ಆ ದಿನಗಳಲ್ಲಿ ಅವಳು ಕೆಲಸದಿಂದ ಬಂದವಳೇ, ಕೋಟು ಕೂಡ ಬಿಚ್ಚದೆ, ನೇರ ಡ್ರಮ್ಮಿನ ಹತ್ತಿರ ಹೋಗುತ್ತಿದ್ದಳು. ಈ ದೇಶಕ್ಕೆ ಬಂದ ಆರು ವರ್ಷದಲ್ಲಿ ಶ್ರೀಕರ್ ಅವಳನ್ನು ಅಷ್ಟು ಗೆಲುವಾಗಿ ಕಂಡಿರಲಿಲ್ಲ.

ಐದನೇ ಸಲದ ಬಿಯರ್ ಕುಡಿದು ತಿಪ್ಪೇಸ್ವಾಮಿಯೇ ಬಾಯಿ ಚಪ್ಪರಿಸಿದ. ತನ್ನ ಹೆಸರು ಮುಚ್ಚಿಡಲು ಮೊದಲು ಹೇಳಿದವಳು ಯಾಮಿನಿಯೇ. "ನೀವೇ ಮಾಡಿದ್ದು ಅನ್ನಿ. ಪ್ರಭಕ್ಕಂಗೆ ಗೊತ್ತಾದ್ರೆ ಏನಂದ್ಕೋತಾರೆ? ಭಾನುವಾರ ಅವರ ಮಕ್ಕಳಿಗೇ ನಾನು ಶ್ಲೋಕ ಹೇಳ್ಕೊಡ್ತೀನಿ." ಪ್ರಭಾ ಎಂದರೆ ತಿಪ್ಪೇಸ್ವಾಮಿಯ ಹೆಂಡತಿ. ಅಲ್ಲಿಂದ ಹೊಗಳಿಕೆಯೆಲ್ಲ ಶ್ರೀಕರನ ಪಾಲಾಯಿತು. ಕೆಲವು ತಿಂಗಳಲ್ಲೇ ಅದು ತನ್ನದೇ ಎಂದು ಅವನಿಗೂ ಅಭ್ಯಾಸವಾಗಿಬಿಟ್ಟಿತು.

ಆದರೆ ಪೊರಿರುವಾಕ್ಕೆ ಹೊರಟಾಗ ಕಾರಿನಲ್ಲಿ ಅವಳು, "ಅಲ್ಲಿಗೆ ನಮ್ಮೋರು ಯಾರೂ ಬರಲ್ಲ ಅಲ್ವಾ?" ಎಂದು ಕೇಳಿದ್ದಳು.

"ಇಲ್ಲ, ಯಾಕೆ?"

"ಸುಮ್ನೆ ಕೇಳ್ದೆ."

ಸ್ಪರ್ಧೆಯ ಅರ್ಜಿಯನ್ನೂ ಅವಳೇ ತುಂಬಿದ್ದಳು. ಎಲ್ಲ ಬರೆದು ಹೆಸರಿನ ಜಾಗವನ್ನು ಮಾತ್ರ ಖಾಲಿ ಬಿಟ್ಟು ಅವನ ಮುಂದಿಟ್ಟಿದ್ದಳು. ಅವನು ಯೋಚನೆಯನ್ನೇ ಮಾಡದೆ ತನ್ನ ಹೆಸರು ಬರೆದಿದ್ದ. ವಾಪಸು ಬರುವಾಗ ಇದೆಲ್ಲ ಒಂದೊಂದಾಗಿ ಅರ್ಥವಾಗುತ್ತ ಹೋಗಿ ಶ್ರೀಕರನ ಕಿವಿ ಬಿಸಿಯಾಯಿತು. ಅವಳು ಜಗಳಕ್ಕೆ ಬಂದರೆ ಸಾಕು ಎಂದು ಕಾದ. ಅವಳು, "ಹಾಲು ಮುಗ್ದಿದೆ, ಡೈರಿ ಹತ್ರ ನಿಲ್ಸಿ," ಎಂದಳು, ಅಷ್ಟೇ.

ಮರುದಿನ ಕಾಫಿ ಹೊತ್ತಿಗೆ ಅವನೇ ಬಾಯಿ ಬಿಟ್ಟ. "ನಿನ್ನೆ ತಮಾಷೆಗೆ ಅಂದಿದ್ದು ಕಣೆ."

"ಗೊತ್ತು ರೀ. ತಮಾಷೆ ಚೆನ್ನಾಗಿತ್ತು. ಎಲ್ರೂ ನಕ್ರಲ್ಲ."

ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಶ್ರೀಕರನ ಹೆಸರು ಕುಣಿಯುತ್ತಿತ್ತು. ಶನಿವಾರ ಬರ್ತೀವಿ, ಮಾಡೋದನ್ನ ಕಣ್ಣಾರೆ ತೋರ್ಸಬೇಕು ಎಂದು ತಿಪ್ಪೇಸ್ವಾಮಿ ಬರೆದಿದ್ದ. ಬೇಡ ಎನ್ನಲು ಶ್ರೀಕರನಿಗೆ ಬಾಯಿ ಬರಲಿಲ್ಲ. ಆ ವಾರವಿಡೀ ಅವನಿಗೆ ಅನ್ನ ಸೇರಲಿಲ್ಲ. ಕೊನೆಗೆ, ಶನಿವಾರ ಎಲ್ಲರ ಎದುರಿಗೇ ನಿಜ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದ. ಹಾಗೆಂದುಕೊಂಡ ಮೇಲೆ ಸ್ವಲ್ಪ ಹಗುರವೂ ಆಯಿತು.

ಶನಿವಾರ ಬೆಳಗ್ಗೆ ಅವನು ಎದ್ದು ಬರುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ತುಂಬ ನಲವತ್ತು ಬಾಟಲಿ ಬೋರಲು ನಿಂತಿದ್ದವು. ಒಂದರಲ್ಲೂ ಒಂದು ಕಲೆಯಿಲ್ಲ. ಪಕ್ಕದಲ್ಲಿ ಹೊಸ ಡಬ್ಬ, ಅದರ ಸೂಚನೆಯ ಹಾಳೆ, ಒಂದು ಕಿಲೋ ಬಿಳಿ ಸಕ್ಕರೆ. ನೋಟುಬುಕ್ಕಿಗಾಗಿ ಬಟ್ಟೆ ಒಗೆಯುವ ಕೋಣೆಯ ಶೆಲ್ಫಿನ ಮೇಲೆ ತಡಕಿದ. ಅದು ಅಲ್ಲಿರಲಿಲ್ಲ.

ಹನ್ನೊಂದಕ್ಕೆ ತಿಪ್ಪೇಸ್ವಾಮಿ, ಪ್ರಭಾ ಬಂದರು. ತಿಪ್ಪೇಸ್ವಾಮಿ ವಿಡಿಯೋ ತೆಗೆಯಲು ಫೋನು ಹಿಡಿದು ನಿಂತ. "ಶುರು ಮಾಡಪ್ಪಾ ಚಾಂಪಿಯನ್ನು!"

ಶ್ರೀಕರ್ ಡಬ್ಬ ಮುಟ್ಟಲಿಲ್ಲ. "ಸ್ವಾಮಿ, ಒಂದು ಮಾತು. ಇದುವರೆಗೂ ನೀನು ಕುಡಿದಿದ್ದು, ಬಹುಮಾನ ಬಂದಿದ್ದು, ಯಾವುದೂ ನಾನು ಮಾಡಿದ್ದಲ್ಲ. ಎಲ್ಲಾ ಯಾಮಿನೀನೇ ಮಾಡಿದ್ದು."

ತಿಪ್ಪೇಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡೇ ಪ್ರಭಾ! ಗುಟ್ಟು ಬಿಟ್ಕೊಡಾಕೆ ಮನಸಿಲ್ಲ ಇವಂಗೆ. ಹೆಂಡ್ತಿ ಮ್ಯಾಲೆ ಹಾಕಾಕೆ ಹತ್ಯಾನೆ!"

"ನಿಜ ಹೇಳ್ತಿದ್ದೀನಿ ಮಾರಾಯ."

"ಸಾಕು ಸುಮ್ನಿರಿ ಅಣ್ಣ," ಎಂದಳು ಪ್ರಭಾ. "ಮಕ್ಳಿಗೆ ಶ್ಲೋಕ ಹೇಳ್ಕೊಡೋ ಹುಡ್ಗಿ. ಆಕಿ ಮ್ಯಾಲೆ ಹಿಂಗೆಲ್ಲಾ ಹೇಳಬಾರ್ದು."

ಶ್ರೀಕರ್ ಯಾಮಿನಿಯ ಕಡೆ ತಿರುಗಿದ. ಅವಳು ಹೌದು ಎಂದರೆ ಸಾಕಿತ್ತು. ಅವಳು ಹೌದೆನ್ನಲಾರದ ಹಾಗೆ ತಾನೇ ಮಾಡಿಟ್ಟಿದ್ದೇನೆ ಎಂಬುದು ಪ್ರಭಾಳ ಮುಖ ನೋಡಿದಾಗಲೇ ಅವನಿಗೆ ಹೊಳೆದದ್ದು. ಕೇಳಿದವರು ಪರಕೀಯರಾಗಿದ್ದಾಗ, ಅವಳು ಕಾದು ಕೂತಿದ್ದಾಗ ಹೇಳದೆ, ಅವಳು ಹೆದರಿದ್ದ ಜಾಗದಲ್ಲೇ ತಂದು ಹೇಳಿದ್ದ.

ಯಾಮಿನಿ ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡಳು. "ನಾನು ಬಾಟಲಿ ತೊಳೆದಿಟ್ಟಿದ್ದೀನಿ ಪ್ರಭಕ್ಕ," ಎಂದಳು, ಅವನನ್ನು ನೋಡದೆ. "ಅಷ್ಟೇ ನಾನು ಮಾಡಿದ್ದು." ಸಿಂಕಿನ ಪಕ್ಕದಲ್ಲಿದ್ದ ಏನನ್ನೋ ಹಿಂಡಿ ಬಕೆಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ಹೋದಳು.

"ಈಗಾದ್ರೂ ಶುರು ಮಾಡೋ," ಎಂದ ತಿಪ್ಪೇಸ್ವಾಮಿ.

ಶ್ರೀಕರ್ ಡಬ್ಬ ತೆರೆದ. ಪಾಕ ನಿಧಾನವಾಗಿ ಡ್ರಮ್ಮಿಗೆ ಇಳಿಯಿತು. ಬೆಲ್ಲ ಎಷ್ಟು, ಕೊತ್ತಂಬರಿ ಎಷ್ಟು, ಹೂವನ್ನು ಎಷ್ಟು ಹೊತ್ತು ನೆನೆಸಬೇಕು, ಒಂದೂ ಅವನಿಗೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡಿದ್ದರೆ ತಾನೇ ಗೊತ್ತಿರಲು? ಸೂಚನೆಯ ಹಾಳೆಯ ಎರಡನೇ ಸಾಲು ಓದಿ, ಸಕ್ಕರೆಯ ಪೊಟ್ಟಣ ಕತ್ತರಿಸಿ ಸುರಿಯತೊಡಗಿದ.

ಸುರಿಯುತ್ತ ಕಿಟಕಿಯಾಚೆ ನೋಡಿದ. ಯಾಮಿನಿ ಮೊಳಕೆ ಕಟ್ಟುವ ಬಟ್ಟೆಯನ್ನು ತಂತಿಯ ಮೇಲೆ ಹರವಿ, ಗಾಳಿಗೆ ಹಾರದಂತೆ ಎರಡು ಕಡೆ ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ಹಾಪ್ಸಿನ ಹಸಿರು, ಕಿತ್ತಳೆ ಸಿಪ್ಪೆಯ ಹಳದಿ, ಒಂದೂ ಅದರಲ್ಲಿ ಉಳಿದಿರಲಿಲ್ಲ.