ಮೊಟ್ಟೆ ಅಕ್ಕನ ಸೈಕಲ್ ದಾರಿ

ನಾನು ನಗರಸಭೆಗೆ ಕಿರಿಯ ಎಂಜಿನಿಯರ್ ಆಗಿ ಸೇರಿ ಮೂರು ವರ್ಷವಾಗಿತ್ತು. ಊರಿನ ಸೈಕಲ್ ದಾರಿಯನ್ನು ಕಾಗದದ ಮೇಲೆ ಎಳೆದವನು ನಾನೇ. ಊರಾಚೆಯ ಕೋಳಿ ಫಾರಂ ಹತ್ತಿರ ಶುರುವಾಗಿ, ಕಾಲುವೆಯ ದಂಡೆ ಹಿಡಿದು, ಪಂಪ್‌ಹೌಸ್ ದಾಟಿ, ಮುಖ್ಯರಸ್ತೆಯ ಕಡೆಗೆ ಬರುವ ದಾರಿ ಅದು. ಉದ್ಘಾಟನೆಯ ದಿನ ನನ್ನ ಹೆಸರನ್ನೂ ಮೈಕಿನಲ್ಲಿ ಹೇಳಿದ್ದರು. ಆಮೇಲೆ ಎರಡು ವರ್ಷ ಪ್ರತಿ ತಿಂಗಳೂ ಜೀಪಿನಲ್ಲಿ ಪಕ್ಕದ ರಸ್ತೆಯಲ್ಲಿ ಹೋಗಿ, ಕಿಟಕಿಯಿಂದ ಕತ್ತು ಹೊರಹಾಕಿ ನೋಡಿ, ವರದಿಯಲ್ಲಿ 'ಸ್ಥಿತಿ ತೃಪ್ತಿಕರ' ಎಂದು ಬರೆಯುತ್ತಿದ್ದೆ. ಕೈ ಎಷ್ಟು ಪಳಗಿತ್ತೆಂದರೆ, ಕೆಲವು ತಿಂಗಳು ಜೀಪು ಹತ್ತದೆಯೇ ಬರೆದದ್ದೂ ಉಂಟು.

ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲಲ್ಲಿ ಧಡಧಡ ಸದ್ದಾಯಿತು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸ್ಟೀಲಿನ ಬಕೆಟ್ ಹಿಡಿದು ಒಳಗೆ ಬಂದರು. ಊರಿನ ಬೇಕರಿಗಳಿಗೆ, ಅಂಗಡಿಗಳಿಗೆ ಸೈಕಲ್ ಮೇಲೆ ಮೊಟ್ಟೆ ಹಾಕುತ್ತಿದ್ದ ಅವರನ್ನು ಎಲ್ಲರೂ ಮೊಟ್ಟೆ ಅಕ್ಕ ಎಂದೇ ಕರೆಯುತ್ತಿದ್ದರು. ನನ್ನ ಮೇಜಿನ ಮೇಲಿದ್ದ ಫೈಲುಗಳನ್ನು ಮೊಣಕೈಯಿಂದ ಸರಿಸಿ ಅವರು ಬಕೆಟ್ ಇಟ್ಟರು. ಒಳಗೆ ಹಳದಿ ಲೋಳೆ, ಅದರಲ್ಲಿ ತೇಲುವ ಚಿಪ್ಪು. ವಾಸನೆಗೆ ಪಕ್ಕದ ಮೇಜಿನ ಗುಮಾಸ್ತರು ಮೂಗು ಮುಚ್ಚಿಕೊಂಡು ವರಾಂಡಕ್ಕೆ ಓಡಿದರು.

"ಏನಮ್ಮಾ ಇದು?" ಎಂದೆ.

"ನಿಮ್ಮ ದಾರಿ ಸಾಹೇಬ್ರೇ. ಈ ವಾರ ಒಡೆದಿದ್ದು. ಸೇತುವೆ ಹತ್ರ ಎಂಟು, ದೊಡ್ಡ ಮರದ ಬುಡದಲ್ಲಿ ಹನ್ನೊಂದು, ಜಾಲರಿ ಮೇಲೆ ಒಂದು ಟ್ರೇ ಪೂರ್ತಿ."

ನಾನು ಗಂಭೀರವಾಗಿ ಡ್ರಾಯರ್ ಎಳೆದು ವರದಿ ತೋರಿಸಿದೆ. ಅವರು ಅದನ್ನು ಕೈಗೇ ತೆಗೆದುಕೊಳ್ಳಲಿಲ್ಲ.

"ಜೀಪಲ್ಲಿ ಕೂತು ಬರೆದಿದ್ದು ತಾನೇ? ನಾಳೆ ಬೆಳಿಗ್ಗೆ ಒಂದ್ಸಲ ನನ್ನ ಸೈಕಲ್ ತುಳೀರಿ. ಆಮೇಲೂ ನಿಮ್ಮ ಕಾಗದವೇ ಸರಿ ಅನ್ಸಿದ್ರೆ ನಾನು ಇತ್ತ ತಲೆ ಹಾಕಲ್ಲ."

ವರಾಂಡದಲ್ಲಿ ಗುಮಾಸ್ತರು ಕಿಸಕ್ಕೆಂದರು. ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ನನ್ನ ಜಂಬ ಬಿಡಲಿಲ್ಲ. ಬರುತ್ತೇನೆ ಎಂದುಬಿಟ್ಟೆ.

ಮರುದಿನ ಫಾರಂ ಬಾಗಿಲಲ್ಲಿ ಅಕ್ಕ ಕಾಯುತ್ತಿದ್ದರು. ಕ್ಯಾರಿಯರ್ ಮೇಲೆ ಆರು ಟ್ರೇ ಮೊಟ್ಟೆ, ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿದ್ದರು. ನನಗೆ ತಮ್ಮ ಸೈಕಲ್ ಕೊಟ್ಟು, ತಾವು ಯಾರದ್ದೋ ಸೈಕಲ್ ಹತ್ತಿ ಹಿಂದೆ ಬಂದರು. ಕಾಲೇಜು ಬಿಟ್ಟ ಮೇಲೆ ನಾನು ಸೈಕಲ್ ಮುಟ್ಟಿದವನೇ ಅಲ್ಲ. ಹ್ಯಾಂಡಲ್ ಆ ಕಡೆ ಈ ಕಡೆ ವಾಲಾಡಿತು.

"ಮುಂದೆ ನೋಡ್ಕೊಂಡು ತುಳೀರಿ! ಚಕ್ರ ನೋಡಿದ್ರೆ ಚಕ್ರದ ಕೆಳಗೇ ಬೀಳ್ತೀರಿ!" ಎಂದು ಹಿಂದಿನಿಂದ ಕೂಗಿದರು.

ದೊಡ್ಡ ಮರದ ಬೇರು ಡಾಂಬರನ್ನು ಸೀಳಿ ಮೊಣಕಾಲಿನಂತೆ ಎದ್ದಿತ್ತು. ಜೀಪಿನ ಕಿಟಕಿಯಿಂದ ಅದು ಎಂದೂ ಕಂಡಿರಲಿಲ್ಲ. ಚಕ್ರ ಹಾರಿ ಕುಳಿತಾಗ ಬೆನ್ನ ಹಿಂದೆ ಪಟಪಟ ಸದ್ದು ಕೇಳಿಸಿತು. ಸೇತುವೆಯ ತಿರುವಿನಲ್ಲಿ ಜಲ್ಲಿ ಚೆಲ್ಲಿತ್ತು. ಜಾರಿ, ಒಂದು ಕಾಲು ನೆಲಕ್ಕೆ ಕೊಟ್ಟು ಹೇಗೋ ನಿಂತೆ. ಮುಂದೆ ಬಾಗಿದ ಕೊಂಬೆಯೊಂದು ಕೆನ್ನೆಗೆ ಬಾರಿಸಿತು. ಪಂಪ್‌ಹೌಸ್ ಎದುರಿನ ಚರಂಡಿಯ ಮೇಲೆ ಕಬ್ಬಿಣದ ಜಾಲರಿ ಇತ್ತು. ಅದರ ಸರಳುಗಳು ದಾರಿಯ ಉದ್ದಕ್ಕೇ ಇದ್ದವು. ಎರಡು ಸರಳಿನ ನಡುವೆ ಮುಂದಿನ ಚಕ್ರ ಕಚ್ಚಿಕೊಂಡು ನಾನು ಸೈಕಲ್ ಸಮೇತ ಮಗುಚಿಬಿದ್ದೆ. ಪ್ಯಾಂಟು, ಶರ್ಟು, ತಲೆಗೂದಲು ಎಲ್ಲ ಮೊಟ್ಟೆಮಯ.

ಅಕ್ಕ ನಗಲಿಲ್ಲ. ಕೈಹಿಡಿದು ಎಬ್ಬಿಸಿ, ಸೆರಗಿನ ತುದಿಯಿಂದ ನನ್ನ ಕನ್ನಡಕ ಒರೆಸಿ ಕೊಟ್ಟರು. "ಇನ್ನೂ ಸ್ವಲ್ಪ ಇದೆ. ಬನ್ನಿ" ಎಂದರು.

ಮುಖ್ಯರಸ್ತೆಗೆ ನಲವತ್ತು ಹೆಜ್ಜೆ ಇರುವಾಗ ದಾರಿ ಥಟ್ಟನೆ ಮುಗಿಯುತ್ತಿತ್ತು. ಬರೀ ಮಣ್ಣು, ಆಮೇಲೆ ರಸ್ತೆ, ರಸ್ತೆಯ ಮೇಲೆ ಒಂದರ ಬೆನ್ನಿಗೊಂದು ಬಸ್ಸು, ಲಾರಿ. ದಾರಿ ಅಲ್ಲಿ ಏಕೆ ಮುಗಿಯಿತೆಂದು ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನನ್ನ ನಕ್ಷೆಯ ಹಾಳೆ ಅಲ್ಲಿಗೆ ಮುಗಿದಿತ್ತು. ಮುಂದಿನ ಹಾಳೆ ಬೇರೆ ವಿಭಾಗದ್ದು.

"ಇಲ್ಲಿ ನನ್ನ ಮೊಟ್ಟೆ ಒಂದೂ ಒಡೆದಿಲ್ಲ" ಎಂದರು ಅಕ್ಕ. "ಇಲ್ಲಿ ನಾನು ಇಳಿದು ತಳ್ಕೊಂಡು ಹೋಗ್ತೀನಿ. ನಮ್ಮ ಮನೆಯವರು ಇಳೀಲಿಲ್ಲ. ಹೋದ ವರ್ಷ ಲಾರಿ ತಾಗ್ತು. ಈಗ ಕೋಲು ಹಿಡ್ಕೊಂಡು ಓಡಾಡ್ತಾರೆ. ಮನೆಯಲ್ಲೇ ಕೂತು ಕೊಡೆ ರಿಪೇರಿ ಮಾಡ್ತಾರೆ."

ಆ ಅಪಘಾತದ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ಆದದ್ದು ಮುಖ್ಯರಸ್ತೆಯಲ್ಲಿ, ನನ್ನ ದಾರಿಯಲ್ಲಲ್ಲ ಎಂದುಕೊಂಡು ಸುಮ್ಮನಾಗಿದ್ದೆ.

"ನಿನ್ನೆ ಇದನ್ನೇ ಮೊದಲು ಹೇಳಬಹುದಿತ್ತಲ್ಲಕ್ಕಾ?" ಎಂದೆ. ಅಕ್ಕಾ ಎಂದು ನಾನು ಅವರನ್ನು ಕರೆದದ್ದು ಅದೇ ಮೊದಲು.

"ಅವರ ಕಾಲನ್ನ ತಂದು ನಿಮ್ಮ ಮೇಜಿನ ಮೇಲೆ ಇಡೋಕಾಗುತ್ತಾ ತಮ್ಮಾ? ಮೊಟ್ಟೆ ಇಡಬಹುದು."

ಅಂದು ಮನೆಗೆ ಹೋಗಿ ಸ್ನಾನ ಮಾಡಿದೆ. ವಾಸನೆ ಹೋಯಿತು, ಆ ಮಾತು ಹೋಗಲಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನ ಶರ್ಟನ್ನು ನೀರಲ್ಲಿ ನೆನೆಸುತ್ತಾ, "ಮುಂದಿನ ಸಲ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿ" ಎಂದಳಷ್ಟೆ.

ಜಾಲರಿಯ ಕೆಲಸ ಮರುದಿನವೇ ಆಯಿತು. ನಮ್ಮ ಮೇಸ್ತ್ರಿ ಹಾರೆ ಹಾಕಿ ಎತ್ತಿ, ಅಡ್ಡಡ್ಡ ತಿರುಗಿಸಿ ಕೂರಿಸಲು ಹಿಡಿದದ್ದು ಅರ್ಧ ಗಂಟೆ. ಎರಡು ವರ್ಷ ಜನರನ್ನು ಬೀಳಿಸಿದ್ದ ಕಬ್ಬಿಣಕ್ಕೆ ಅರ್ಧ ಗಂಟೆ! ಮರವನ್ನು ಕಡಿಯಬೇಡಿ, ಬಿಸಿಲಿಗೆ ಅದೊಂದೇ ನೆರಳು ಎಂದರು ಅಕ್ಕ. ಬೇರಿನ ಎರಡೂ ಬದಿಗೆ ಇಳಿಜಾರು ಕೊಟ್ಟು ದಾರಿಯನ್ನೇ ಮೇಲೆತ್ತಿದೆವು. ಆದರೆ ಕೊನೆಯ ನಲವತ್ತು ಹೆಜ್ಜೆಗೆ ಎಂಟು ತಿಂಗಳು ಬೇಕಾಯಿತು. "ಇಷ್ಟು ಸಣ್ಣ ತುಂಡಿಗೆ ಇಷ್ಟೊಂದು ರಗಳೆಯಾ?" ಎಂದು ನನ್ನ ಮೇಲಧಿಕಾರಿ ಫೈಲನ್ನು ಮೂರು ಸಲ ವಾಪಸ್ಸು ಕಳಿಸಿದರು. ಅಕ್ಕನಿಗೆ ಹೇಳಿದರೆ, "ಅವರಿಗೂ ಒಂದು ಸೈಕಲ್ ಕೊಡ್ಲಾ?" ಎಂದು ಕೇಳಿದರು. ಆ ಮಾತನ್ನು ನಾನು ಹಾಗೇ ಮೇಲಧಿಕಾರಿಗೆ ಮುಟ್ಟಿಸಿದೆ. ಬಕೆಟ್ಟಿನ ಕತೆ ಅವರಿಗೂ ಗೊತ್ತಿತ್ತು. ನಾಲ್ಕನೆಯ ಸಲ ರುಜು ಬಿತ್ತು.

ಆ ಎಂಟು ತಿಂಗಳೇ ನನ್ನ ನೌಕರಿಯ ಒಳ್ಳೆಯ ಕಾಲ. ಪ್ರತಿ ಭಾನುವಾರ ಬೆಳಿಗ್ಗೆ ನಾನು, ಹೆಂಡತಿ, ಅಕ್ಕ ದಾರಿಯನ್ನು ಈ ತುದಿಯಿಂದ ಆ ತುದಿಗೆ ತುಳಿಯುತ್ತಿದ್ದೆವು. ಮದುವೆಗೆ ಮುಂಚೆ ಹೆಂಡತಿ ಸೈಕಲ್ ಮೇಲೇ ಕಾಲೇಜಿಗೆ ಹೋಗುತ್ತಿದ್ದಳೆಂಬುದು ನನಗೆ ಗೊತ್ತಾದದ್ದೇ ಆಗ. ತವರಿನ ಅಟ್ಟದಲ್ಲಿ ದೂಳು ತಿನ್ನುತ್ತಿದ್ದ ಸೈಕಲ್ಲನ್ನು ತರಿಸಿಕೊಂಡಳು. ಮೊದಲ ಭಾನುವಾರವೇ ನನ್ನನ್ನು ಹಿಂದೆ ಹಾಕಿ ಸೇತುವೆ ದಾಟಿದಳು. "ನಾಲ್ಕು ವರ್ಷ ಇವಳನ್ನ ಅಡಿಗೆಮನೇಲಿ ಕೂಡಿಹಾಕಿದ್ದೆಯಲ್ಲ ಪುಣ್ಯಾತ್ಮಾ" ಎಂದು ಅಕ್ಕ ಬೈದರು. ನಾನು ಕೂಡಿಹಾಕಿರಲಿಲ್ಲ, ಕೇಳಿಯೂ ಇರಲಿಲ್ಲ.

ಅಕ್ಕನ ಬಳಿ ಸೀಮೆಸುಣ್ಣ ಇರುತ್ತಿತ್ತು. ಗುಂಡಿ ಕಂಡಲ್ಲಿ ಸುತ್ತ ಗೆರೆ ಎಳೆಯುತ್ತಿದ್ದರು. ಸೋಮವಾರ ಮೇಸ್ತ್ರಿ ಗೆರೆ ಹುಡುಕಿಕೊಂಡು ಹೋಗಿ ಡಾಂಬರು ತುಂಬುತ್ತಿದ್ದ. ಬರಬರುತ್ತಾ ಬೇಕರಿಯವರು, ಆಸ್ಪತ್ರೆಯ ನರ್ಸು, ಅಂಚೆಯವರು, ಶಾಲೆಯ ಮೇಡಮ್ಮು ಒಬ್ಬೊಬ್ಬರೇ ಜೊತೆಗೂಡಿದರು. ಒಬ್ಬರು ಪೊರಕೆ ತಂದರೆ ಇನ್ನೊಬ್ಬರು ಕತ್ತರಿ ತಂದು ಬಾಗಿದ ಕೊಂಬೆ ಕತ್ತರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಕಾಲುವೆಯ ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಚಹಾ. ಒಂದೇ ಲೋಟ ನಾಲ್ಕು ಕೈ ದಾಟುತ್ತಿತ್ತು. ಏನೇನು ಮಾತಾಡುತ್ತಿದ್ದೆವೋ ನೆನಪಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದುದು ಮಾತ್ರ ನೆನಪಿದೆ.

ಒಂಬತ್ತನೆಯ ತಿಂಗಳು ದಾರಿ ಮುಖ್ಯರಸ್ತೆ ಮುಟ್ಟಿತು. ರಸ್ತೆಗೆ ಅಡ್ಡಲಾಗಿ ಬಿಳಿ ಪಟ್ಟೆ, ಎರಡೂ ಕಡೆ ವಾಹನ ನಿಧಾನವಾಗಲು ಉಬ್ಬು, ಹಿಡಿದು ನಿಲ್ಲಲು ಕಂಬಿ, ಒಂದು ದೀಪ. ಈ ಸಲ ಮೈಕು ಇರಲಿಲ್ಲ. ಅಕ್ಕನ ಗಂಡ ಬಂದಿದ್ದರು. ಬಡಕಲು ಮನುಷ್ಯ, ಮಾತು ಕಡಿಮೆ. ಅಪಘಾತವಾದಂದಿನಿಂದ ಅವರು ಈ ಕಡೆ ಕಾಲಿಟ್ಟಿರಲಿಲ್ಲವಂತೆ. ಅಕ್ಕನ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಅದನ್ನೇ ಊರುಗೋಲು ಮಾಡಿಕೊಂಡು ಪಟ್ಟೆಯ ಅಂಚಿಗೆ ಬಂದು ನಿಂತರು. ದೂರದಲ್ಲೊಂದು ಲಾರಿ ಕಾಣಿಸಿತು. ಅಕ್ಕ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಲಾರಿ ನಿಧಾನವಾಯಿತು, ಉಬ್ಬಿನ ಹಿಂದೆ ನಿಂತೇ ಬಿಟ್ಟಿತು. ಡ್ರೈವರು ಕಿಟಕಿಯಿಂದ ಕೈ ಹೊರಹಾಕಿ, "ದಾಟಿ ಯಜಮಾನ್ರೇ, ಅವಸರ ಇಲ್ಲ" ಎಂದ.

ಅವರು ದಾಟಿದರು. ಆ ಬದಿ ಮುಟ್ಟಿ ಹಿಂದಿರುಗಿ ನೋಡಿ, "ಏ, ಅಲ್ಲೇ ಯಾಕೆ ನಿಂತೆ? ಬಾ" ಎಂದು ಹೆಂಡತಿಯನ್ನು ಕರೆದರು. ಬಾಯಿಗೆ ಸೆರಗು ಒತ್ತಿಕೊಂಡು ಅಕ್ಕ ಓಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಬಹಳ ವರ್ಷ ಕಳೆದವು. ಫಾರಂನವರು ವ್ಯಾನ್ ಕೊಂಡರು. ಅಕ್ಕನ ವ್ಯಾಪಾರ ನಿಂತಿತು. ಗಂಡ ತೀರಿಕೊಂಡ ಮೇಲೆ ಮಗಳ ಊರಿಗೆ ಹೋದರು. ಹೋಗುವ ಹಿಂದಿನ ಭಾನುವಾರವೂ ನಮ್ಮ ಜೊತೆ ಪೂರಾ ದಾರಿ ತುಳಿದು, "ಸೇತುವೆ ಹತ್ರ ಮತ್ತೆ ಜಲ್ಲಿ ಬಿದ್ದಿದೆ, ನೋಡ್ಕೋ ತಮ್ಮಾ" ಎಂದು ಹೇಳಿಯೇ ಹೋದರು. ಮೂರು ವರ್ಷದ ಹಿಂದೆ ಅವರ ಮಗಳಿಂದ ಫೋನು ಬಂತು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ದಾರಿ ಗುಡಿಸಲು ಯಂತ್ರ ಬಂದಿದೆ. ಗುಂಡಿ ಕಂಡರೆ ಜನ ಮೊಬೈಲಿನಲ್ಲಿ ಫೋಟೋ ಕಳಿಸುತ್ತಾರೆ. ನನ್ನ ಕುರ್ಚಿಯಲ್ಲಿ ಈಗಿರುವ ಹುಡುಗಿ ಕಚೇರಿಗೆ ಸೈಕಲ್ಲಿನಲ್ಲೇ ಬರುತ್ತಾಳೆ. ಕೆಲಸ ನಮಗಿಂತ ಚೊಕ್ಕ, ಅದನ್ನು ಒಪ್ಪಬೇಕು. ಆದರೂ ಭಾನುವಾರದ ರೂಢಿ ನಿಂತಿಲ್ಲ. ದಾರಿಯನ್ನು ನೋಡಿಕೊಳ್ಳಲು ತುಂಡು ತುಂಡಾಗಿ ಮನೆಗಳಿಗೆ ಹಂಚಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಪಂಪ್‌ಹೌಸ್ ಮುಂದಿನ ಇನ್ನೂರು ಅಡಿ. ನಿನ್ನೆ ಗಾಳಿಗೆ ಎಲೆ ಬಹಳ ಉದುರಿತ್ತು. ಹೆಂಡತಿ ಆ ಕಡೆಯಿಂದ, ನಾನು ಈ ಕಡೆಯಿಂದ ಗುಡಿಸುತ್ತಾ ಬಂದು ನಡುವೆ ಸೇರಿದೆವು. ಅಷ್ಟರಲ್ಲಿ ಯಾರೋ ಸೈಕಲ್ಲಿನವರು ಬಂದರು. ಎಲೆಯ ಗುಡ್ಡೆಯನ್ನು ಪಕ್ಕಕ್ಕೆ ಎಳೆದುಕೊಂಡು ಅವರಿಗೆ ದಾರಿ ಬಿಟ್ಟೆವು.