ಕರಟದ ಅಕ್ಷರ

"ಅಕ್ಷರ ಒಳಮುಖ ಮಾಡ್ರಲಾ!" ಹುಡುಗರಿಂದ ಕೊಟ್ಟಿಗೆಯ ಹಲಗೆ ಎಳೆಸುತ್ತಾ ಶಂಭುಲಿಂಗಯ್ಯ ಗದರಿದರು. ತೀರಿಹೋದ ತಮ್ಮ ಸದಾಶಿವಯ್ಯನನ್ನು ಸ್ಮಶಾನಕ್ಕೆ ಕೂರಿಸಿಕೊಂಡು ಹೋಗುವ ಬಿದಿರಿನ ವಿಮಾನಕ್ಕೆ ಬೆನ್ನೊರಗು ಬೇಕಿತ್ತು. ಬಿದಿರು, ಬಾಳೆಕಂದು, ಚೆಂಡುಹೂವು ಎಲ್ಲ ಬಂದಿತ್ತು. ಅಗಲದ ಹಲಗೆ ಮನೆಯಲ್ಲಿದ್ದದ್ದು ಇದೊಂದೇ.

"ಹೊರಗೇ ಇರ್ಲಿ ಭಾವ," ಎಂದರು ದ್ರಾಕ್ಷಾಯಣಮ್ಮ, ಗಂಡನ ಪಕ್ಕದಿಂದ ಏಳದೆ. "ಅವರು ಬರ್ದಿದ್ದು ಈ ಬೀದೀಲಿ ಒಂದ್ಸಲನಾದ್ರೂ ಹೋಗ್ಲಿ."

"ಅವತ್ತು ಊರೋರು ನಕ್ಕಿದ್ದು ಸಾಲ್ದೇನಮ್ಮ? ಹೆಣದ ಹಿಂದೆನೂ ನಗ್ಬೇಕಾ?"

ಬೆಳಗಿನಿಂದ ತಡೆದುಕೊಂಡಿದ್ದ ಅಳು ಆಕೆಗೆ ಈ ಮಾತಿಗೆ ಉಕ್ಕಿ ಬಂತು.

*

ಪೇಂಟರ್ ಸದಾಶಿವಯ್ಯ ಆ ಹಲಗೆ ಬರೆದದ್ದು ತೊಂಬತ್ತನಾಲ್ಕರಲ್ಲಿ, ಊರಿನ ಬಸ್‌ಸ್ಟಾಪಿಗೆಂದು. ಸಣ್ಣವು ದೊಡ್ಡವು ತೆಂಗಿನ ಕರಟಗಳ ಅಂಚು ಉಜ್ಜಿ ನಯಮಾಡಿ, ಬೋರಲಿಟ್ಟು, ಸುತ್ತ ಗೆರೆ ಎಳೆದು, ಉಳಿದದ್ದಕ್ಕೆ ರೂಲುಪಟ್ಟಿ ಹಿಡಿದು 'ದಂಡಿನಶಿವರ' ಎಂದು ಊರ ಹೆಸರು ಬರೆದಿದ್ದರು. ಎಲ್ಲ ಒಂದೇ ದಪ್ಪ. ಬಳುಕಿಲ್ಲ, ನೆರಳಿಲ್ಲ, ಹೂಬಳ್ಳಿಯಿಲ್ಲ. ದುಂಡಗಿದ್ದರೆ ದುಂಡಗೆ, ನೆಟ್ಟಗಿದ್ದರೆ ನೆಟ್ಟಗೆ.

"ಚಂದ್ರಲೋಕದಲ್ಲಿ ಅಂಗಡಿ ಇಟ್ರೆ ಬೋರ್ಡು ಹಿಂಗೇ ಇರ್ತದೆ ಕಣೇ," ಎಂದು ಹೆಂಡತಿಯ ಮುಂದೆ ಬೀಗಿದರು.

ಊರಿನವರು ಚಂದ್ರಲೋಕಕ್ಕಲ್ಲ, ತಿಪಟೂರಿಗೆ ಹೋಗುವವರು. "ಇದೇನ್ರೀ, ಕೋಡುಬಳೆ ಜೋಡ್ಸಿದೀರಾ?" ಎಂದು ನಕ್ಕು ಹಲಗೆ ವಾಪಸ್ಸು ಕಳಿಸಿದರು. ಅದು ಕೊಟ್ಟಿಗೆಯ ಕಂಡಿಗೆ ಅಡ್ಡವಾಯಿತು, ಅಕ್ಷರ ಎಮ್ಮೆಯ ಕಡೆಗೆ. ಸದಾಶಿವಯ್ಯ ಹಟ ಬಿಡುವ ಪೈಕಿಯಲ್ಲ. ತಿಪಟೂರಿನ ಮಂಡಿಯೊಂದರಲ್ಲಿ ಕೊಬ್ಬರಿ ಚೀಲಕ್ಕೆ ಹೆಸರು ಒತ್ತುವ ಕೆಲಸ ಹಿಡಿದು, ಅದೇ ಧಾಟಿಯ ಅಕ್ಷರಗಳ ಅಚ್ಚನ್ನು ತಗಡಿನಲ್ಲಿ ಕೊರೆದರು.

*

ವಿಮಾನ ಕಟ್ಟುತ್ತಿರುವಾಗಲೇ ತಿಪಟೂರಿನಿಂದ ಲಾರಿ ಬಂತು. ಮಂಡಿಯ ಹಮಾಲಿಗಳು ಒಬ್ಬೊಬ್ಬರೇ ಧುಮುಕಿದರು. ಸುಡುಬಿಸಿಲು, ಎಲ್ಲರೂ ಕೊಬ್ಬರಿ ಚೀಲವನ್ನೇ ಕೊಪ್ಪೆ ಮಾಡಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟಿದ್ದರು. ಸದಾಶಿವಯ್ಯನ ಮುಂದೆ ಸಾಲಾಗಿ ಬಗ್ಗಿ ಕೈಮುಗಿದರು. ಹಿಂದೆ ನಿಂತಿದ್ದ ಶಂಭುಲಿಂಗಯ್ಯನಿಗೆ ಕಂಡದ್ದು ಬರೀ ಬೆನ್ನು. ಬೆನ್ನು ಬೆನ್ನಿನ ಮೇಲೂ ಕರಟದ ದುಂಡು.

"ಇದು ನನ್ ತಮ್ಮನ ಅಕ್ಷರ ಅಲ್ವೇನಯ್ಯಾ?"

"ಇನ್ಯಾರದ್ದು?" ಎಂದ ಹಮಾಲಿ ಹುಚ್ಚಣ್ಣ. "ನಂಗೆ ಓದಕ್ ಬರಲ್ಲ ಸ್ವಾಮಿ. ಆದ್ರೆ ಗೋಡೌನ್ ಕತ್ಲಲ್ಲೂ ನಮ್ ಚೀಲ ಬಾಗ್ಲಿಂದ್ಲೇ ಗೊತ್ತಾಗ್ತದೆ. ಅದ್ಕೇ ಈಗ ಎಲ್ಲಾ ಮಂಡಿಯೋರೂ ಇವ್ರತ್ರನೇ ಕೊರ್ಸ್ಕೊಂಡವ್ರೆ. ಈ ಅಕ್ಷರ ಡೆಲ್ಲಿಗೂ ಹೋಗ್ತದೆ, ಗೊತ್ತಿಲ್ವಾ?"

ಅಣ್ಣನಿಗೆ ಗೊತ್ತಿರಲಿಲ್ಲ. ಅವರು ವಿಮಾನದ ಹತ್ತಿರ ಹೋಗಿ ತಾವೇ ಹಗ್ಗ ಬಿಚ್ಚಿ ಹಲಗೆ ತಿರುಗಿಸಿದರು. ಅಕ್ಷರಗಳಿಗೆ ಅಂಟಿದ್ದ ಒಣಸಗಣಿಯನ್ನು ಹೆಗಲ ಟವೆಲಿನಿಂದ ತಿಕ್ಕಿ ತಿಕ್ಕಿ ಒರೆಸಿದರು.

ತಮಟೆ ಶುರುವಾಯಿತು. ವಿಮಾನ ಹೆಗಲೇರಿತು. ಜಗಲಿಗಳ ಮೇಲಿದ್ದ ಜನ ಎದ್ದು ನಿಂತರು, ಒಬ್ಬರೂ ನಗಲಿಲ್ಲ. ದ್ರಾಕ್ಷಾಯಣಮ್ಮ ಬಾಗಿಲಲ್ಲೇ ನಿಂತು ನೋಡಿದರು. ಕನ್ನಡಕ ಒಳಗೆಲ್ಲೋ ಇತ್ತು, ಕಣ್ಣ ತುಂಬ ನೀರು. ತೆಂಗಿನ ತೋಟದ ತಿರುವಿನಲ್ಲಿ, ಹಮಾಲಿಗಳ ತಲೆಗಳ ಮೇಲೆ, ಹಲಗೆ ಬಿಸಿಲಿಗೆ ಹೊಳೆಯಿತು. ಆಕೆ ಅಷ್ಟು ದೂರದಿಂದಲೇ ಬೀದಿಗೆಲ್ಲ ಕೇಳುವಂತೆ ಓದಿದರು:

"ದಂ... ಡಿ... ನ... ಶಿ... ವ... ರ."