ಬಿಚ್ಚಿ ಹೊಲಿದ ಪತ್ರ

ವಿದೇಶಾಂಗ ಇಲಾಖೆಯ ದೃಢೀಕರಣ ವಿಭಾಗದ ಕಿಟಕಿಯಲ್ಲಿ ಕೂತಿದ್ದ ಅಧಿಕಾರಿಣಿ ಮೊದಲು ಪತ್ರವನ್ನು ಹೊಗಳಿದಳು. ಇಷ್ಟು ಅಚ್ಚುಕಟ್ಟಾದ ಕಾಗದ ಈ ಕಿಟಕಿಗೆ ಬಂದದ್ದೇ ಇಲ್ಲ ಎಂದಳು. ಆಮೇಲೆ ಅಂಚನ್ನು ಬೆರಳಿನಿಂದ ಸವರಿ, ಹಾಳೆಗಳನ್ನು ದೀಪಕ್ಕೆ ಹಿಡಿದು, ಹುಬ್ಬು ಗಂಟಿಕ್ಕಿದಳು.

"ಇದನ್ನ ಬಿಚ್ಚಿದ್ದು ಯಾರು?"

"ನಾನೇ," ಎಂದ ಅಂಟಪ್ಪ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಅವನು ಬೈಂಡರ್. ಒಂದು ಹಳೆಯ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಆಯುಷ್ಯವಿಡೀ ಪುಸ್ತಕ ಹೊಲಿದವನು. ಉಗುರಿನ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು ಇರುವುದರಿಂದ ಪ್ರೆಸ್ಸಿನವರು ಇಟ್ಟ ಹೆಸರು ಅಂಟಪ್ಪ. ನಿಜವಾದ ಹೆಸರನ್ನು ಈಗ ಹೆಂಡತಿಯೂ ಅರ್ಜಿ ತುಂಬುವಾಗ ಮಾತ್ರ ನೆನಪಿಸಿಕೊಳ್ಳುತ್ತಾಳೆ.

ನೋಟರಿ ಪತ್ರವನ್ನು ಎರಡು ಪಿನ್ನು ಹೊಡೆದು, ಪಿನ್ನಿನ ಮೇಲೆ ದುಂಡನೆಯ ಸೀಲು ಚೀಟಿ ಅಂಟಿಸಿ ಕೊಟ್ಟಿದ್ದರು. ಪಿನ್ನು ಓರೆಯಾಗಿತ್ತು. ಅನುವಾದದ ಹಾಳೆಗಳು ಮೂಲಪತ್ರಕ್ಕಿಂತ ಅಗಲವಾಗಿ ಹೊರಕ್ಕೆ ಚಾಚಿದ್ದವು. ಅಂಟಪ್ಪನಿಗೆ ನೋಡಲಾಗಲಿಲ್ಲ. ಮನೆಗೆ ತಂದು ಚೀಟಿಯನ್ನು ಹಬೆ ಹಿಡಿದು ಎಬ್ಬಿಸಿದ, ಪಿನ್ನು ಕಿತ್ತ, ಮೇಣದ ದಾರದಲ್ಲಿ ಹೊಲಿದ, ಮೂರು ಕಡೆಯೂ ಅಂಚು ಕತ್ತರಿಸಿ ಸಮ ಮಾಡಿದ, ಚೀಟಿಯನ್ನು ಕೂದಲೆಳೆ ಆಚೀಚೆಯಾಗದಂತೆ ಮೊದಲಿನ ಜಾಗದಲ್ಲೇ ಕೂರಿಸಿದ. ಹಾಳೆ ಬದಲಾಯಿಸಿಲ್ಲವೆಂಬುದಕ್ಕೆ ಗುರುತಾಗಿ ನೋಟರಿ ಎರಡೆರಡು ಹಾಳೆಗಳ ಅಂಚಿನ ಮೇಲೆ ಅಡ್ಡಲಾಗಿ ಒತ್ತಿದ್ದ ಮೊಹರು ಕತ್ತರಿಸಿದ ಚೂರುಗಳ ಜೊತೆ ಕಸದ ಬುಟ್ಟಿಗೆ ಹೋಯಿತು.

ಅಧಿಕಾರಿಣಿ ಸಿಟ್ಟಾಗಲಿಲ್ಲ. ಒಮ್ಮೆ ಬಿಚ್ಚಿದ ಪತ್ರಕ್ಕೆ ಇಲಾಖೆ ಮೊಹರು ಹಾಕುವುದಿಲ್ಲ, ಹಾಕಿದರೂ ಪತ್ರ ಹೋಗಬೇಕಾದ ದೇಶದ ದೂತಾವಾಸ ಒಪ್ಪುವುದಿಲ್ಲ ಎಂದು ವಿವರಿಸಿದಳು. ಹರಿದಿದ್ದರೆ ಆಕಸ್ಮಿಕ ಎನ್ನಬಹುದಿತ್ತಂತೆ. ಇಷ್ಟು ಚೆನ್ನಾಗಿ ಮುಚ್ಚಿದ್ದರಿಂದಲೇ ಅನುಮಾನ ಬರುತ್ತದಂತೆ. ನೋಟರಿ ಹತ್ತಿರ ಮೊದಲಿನಿಂದ ಶುರು ಮಾಡಿ ಎಂದು ಪತ್ರವನ್ನು ಕಿಟಕಿಯಡಿಯಿಂದ ವಾಪಸು ತಳ್ಳಿದಳು.

ಅದು ಅಧಿಕಾರ ಪತ್ರ. ಪರದೇಶದಲ್ಲಿರುವ ಅಳಿಯ ಬಾಡಿಗೆಗಿರುವ ಕಟ್ಟಡದ ಕೆಳಮಹಡಿಯಲ್ಲಿ ಎರಡು ಕೋಣೆಯ ಮನೆಯೊಂದು ಮಾರಾಟಕ್ಕಿತ್ತು. ಅದನ್ನು ಅತ್ತೆ ಮಾವನ ಹೆಸರಿನಲ್ಲಿ ಕೊಳ್ಳಲು ಅವರ ಪರವಾಗಿ ಅವನು ಸಹಿ ಹಾಕಬೇಕಿತ್ತು. ಮಗಳು ಹೋದ ವರ್ಷ ಅಲ್ಲೇ ತೀರಿಕೊಂಡಿದ್ದಳು. ಅಳಿಯನಿಗೆ ಹಡಗು ರಿಪೇರಿಯ ಪಾಳಿ ಕೆಲಸ. ರಾತ್ರಿಪಾಳಿಯಿದ್ದಾಗ ಮಗು ಅಕ್ಕಪಕ್ಕದವರ ಮನೆಯಲ್ಲಿ ಮಲಗುತ್ತಿತ್ತು. ಅವನ ಅಕ್ಕ ಮಗುವನ್ನು ಬೇರೆ ಊರಿನ ತನ್ನ ಮನೆಗೆ ಕರೆದೊಯ್ಯಲು ತಯಾರಾಗಿದ್ದಳು. ನೀವು ಬಂದರೆ ಮಗು ನನ್ನ ಹತ್ತಿರವೇ ಉಳಿಯುತ್ತದೆ ಅತ್ತೆ ಎಂದು ಅಳಿಯ ಫೋನಿನಲ್ಲಿ ಹೇಳಿದ್ದ. ಮನೆಯ ಯಜಮಾನ ಅವನ ಮುಖ ನೋಡಿ ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದ್ದ. ಆಮೇಲೆ ಬೇರೆ ಗಿರಾಕಿ ಸಿದ್ಧನಿದ್ದ.

ಜೊತೆಗೆ ಬಂದಿದ್ದ ಹೆಂಡತಿ ವಾಪಸು ಬರುವ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಸಂಜೆ ಅವಳು ಬೈಂಡಿಂಗ್ ಕೋಣೆಗೇ ಬಂದಳು. ಅಲ್ಲಿಗೆ ಅವಳು ಬರುವುದು ಅಪರೂಪ. ಒತ್ತುಯಂತ್ರದ ಪಕ್ಕದ ಸ್ಟೂಲಿನ ಮೇಲಿದ್ದ ರಟ್ಟುಗಳನ್ನು ಕೆಳಗಿಳಿಸಿ ಕೂತಳು.

"ಒಂದು ಮಾತು ಕೇಳ್ತೀನಿ. ಗೊತ್ತಿಲ್ದೆ ಮಾಡಿದ್ರೋ, ಬೇಡ ಅಂತ ಮಾಡಿದ್ರೋ?"

"ಗೊತ್ತಿಲ್ದೆ ಕಣೇ. ನನಗೇನು ಹುಚ್ಚಾ?"

"ಬಿಚ್ಚಬಾರದು ಅಂತ ಕೊನೇ ಹಾಳೇಲಿ ಅಚ್ಚಾಗಿದೆ. ಹೊಲಿಯೋ ಮುಂಚೆ ಒಂದೊಂದು ಪುಟಾನೂ ನೋಡೋರು ನೀವು."

ಅದು ಸುಳ್ಳಲ್ಲ. ಆ ಸಾಲನ್ನು ಅವನು ನೋಡಿದ್ದ. ಅಕ್ಷರ ಒಂದು ಕಡೆಗೆ ವಾಲಿರುವುದನ್ನೂ ಗಮನಿಸಿದ್ದ. ಆದರೆ ಪುಟಗಳ ಕ್ರಮ ನೋಡುವ ಬೈಂಡರ್ ಅವನ್ನು ಓದುವುದಿಲ್ಲ. ಎಷ್ಟೋ ಸಾವಿರ ಪುಸ್ತಕ ಅವನ ಕೈಯಲ್ಲಿ ಹಾಗೇ ಓದಿಸಿಕೊಳ್ಳದೆ ದಾಟಿ ಹೋಗಿದ್ದವು. ಇದನ್ನೆಲ್ಲ ಅವಳಿಗೆ ಹೇಳಿದ. ಅವಳು ಒಪ್ಪಿದಳು, ಆದರೆ ಏಳಲಿಲ್ಲ. ಇನ್ನೂ ಏನೋ ಬಾಕಿಯಿದೆ ಎಂಬಂತೆ ಕೂತೇ ಇದ್ದಳು.

"ಬೇಡ ಅಂತ ಮಾಡ್ಲಿಲ್ಲ," ಎಂದ ಕಡೆಗೆ. "ಆದ್ರೆ ಆಗಲ್ಲ ಅಂತ ಆಯಮ್ಮ ಅಂದಾಗ... ಒಂದು ಗಳಿಗೆ ಹಗುರ ಆಯ್ತು."

"ಗೊತ್ತು. ಪಕ್ಕದಲ್ಲೇ ನಿಂತಿದ್ನಲ್ಲ."

ಆಮೇಲೆ ಅವಳು ಜಗಳದ ಧಾಟಿಯಿಲ್ಲದೆ ತನ್ನ ತೀರ್ಮಾನ ತಿಳಿಸಿದಳು. ಪತ್ರ ಹೇಗೂ ಹೊಸದಾಗಬೇಕು. ಈ ಸಲ ತನ್ನೊಬ್ಬಳ ಹೆಸರಿನಲ್ಲಿ ಮಾಡಿಸುತ್ತಾಳೆ, ಹೋಗಿ ಮಗುವನ್ನು ನೋಡಿಕೊಳ್ಳುತ್ತಾಳೆ. ಅವನು ಇಲ್ಲಿರಬಹುದು.

"ಸಿಟ್ಟಲ್ಲ ಇದು. ಮಗಳು ಹೋದ ಊರಲ್ಲಿ ಇರೋಕೆ ನಿಮ್ಮ ಕೈಲಿ ಆಗಲ್ಲ ಅಂದ್ರೆ ನನಗೆ ಅರ್ಥ ಆಗುತ್ತೆ. ಕೆಲಸ ಬಿಟ್ಟು ಹೇಗೆ ಬರಲಿ ಅಂತ ಮಾತ್ರ ಹೇಳ್ಬೇಡಿ ರೀ. ಈಗ ಯಾರು ಪುಸ್ತಕ ಹೊಲಿಸ್ತಾರೆ?"

ಅವಳು ರಟ್ಟುಗಳನ್ನು ಮತ್ತೆ ಸ್ಟೂಲಿನ ಮೇಲಿಟ್ಟು ಹೋದಳು.

ಮರುದಿನ ಇಬ್ಬರೂ ನೋಟರಿಯ ಆಫೀಸಿಗೆ ಹೋದರು. ಒಬ್ಬಳೇ ಹೋಗುತ್ತೇನೆಂದು ಅವಳು ಹೊರಟಾಗ ಅಂಟಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ನೋಟರಿ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಕೈಚಳಕ ಇರೋರು ನಮ್ಮ ಕಸುಬಿಗೆ ಬಂದಿದ್ದರೆ ಇಷ್ಟು ಹೊತ್ತಿಗೆ ಜೈಲಲ್ಲಿರುತ್ತಿದ್ದರು ಎಂದರು. ಟೈಪಿಸ್ಟ್ ನಕ್ಕಳು. ಇವರಿಬ್ಬರೂ ನಗದಿರುವುದನ್ನು ಕಂಡು ನೋಟರಿ ಕನ್ನಡಕ ಏರಿಸಿಕೊಂಡು ಕೆಲಸಕ್ಕೆ ಬಂದರು. ಇವತ್ತೇ ಸಹಿಯಾದರೆ ತಿಂಗಳ ಕೊನೆಯೊಳಗೆ ದೂತಾವಾಸದ ಮೊಹರೂ ಬೀಳುತ್ತದೆ ಎಂದರು.

ಕೊಳ್ಳುವವರು ಒಬ್ಬರೋ ಇಬ್ಬರೋ ಎಂದು ಟೈಪಿಸ್ಟ್ ಕೇಳಿದಳು. ಹೆಂಡತಿ ತನ್ನ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟು, ಗಂಡನ ಕಡೆ ನೋಡದೆ ಕೂತಳು.

"ಇಬ್ಬರು," ಎಂದು ಅಂಟಪ್ಪ ಜೇಬಿಗೆ ಕೈ ಹಾಕಿದ.

ಅವಳು ತಿರುಗಿ ಅವನ ಮುಖ ನೋಡಿದಳು. ಟೈಪಿಸ್ಟ್ ಎರಡೂ ಹೆಸರು ಹೊಡೆದು ಮುಂದಿನ ಸಾಲಿಗೆ ಬಂದಳು. ಮನೆ ಕೊಳ್ಳುವ ಉದ್ದೇಶ ಏನು ಎಂದಳು.

"ನಮ್ಮ ಮಗಳು ಅಲ್ಲಿ ಸತ್ತುಹೋದಳಮ್ಮ," ಎಂದ ಅಂಟಪ್ಪ. "ಅವಳ ಮಗು ಇದೆ. ಅದರ ಜೊತೆ ಇರೋಕೆ."

ವರ್ಷವಾದರೂ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಟೈಪಿಸ್ಟ್ ಕೀಲಿಗಳ ಮೇಲೆ ಬೆರಳಿಟ್ಟುಕೊಂಡೇ ನೋಟರಿಯ ಕಡೆ ನೋಡಿದಳು.

ಅಷ್ಟೆಲ್ಲ ಬರೆಯಬೇಕಾಗಿಲ್ಲ ಎಂದು ನೋಟರಿ ಮೆಲ್ಲಗೆ ಹೇಳಿದರು. ಸ್ವಂತ ವಾಸಕ್ಕಾಗಿ ಎಂದರೆ ಸಾಕು.

ಟೈಪಿಸ್ಟ್ ಹಾಗೇ ಬರೆದಳು.